ಗೋಪುರದ ಎತ್ತರ, ಬರಗಾಲದ ಕೂಲಿ

ಚಿಂಚೋಳಿಯ ಕಡೆಯಿಂದ ಮೇದಕ್ ಚರ್ಚ್ ನೋಡಲು ಹೋಗುವವರು ಇಂದು ಗಡಿ ದಾಟಿ ತೆಲಂಗಾಣಕ್ಕೆ ಹೋಗಬೇಕು. 1924ರ ಡಿಸೆಂಬರ್ 25ರಂದು ಆ ಚರ್ಚ್ ಪ್ರಾರ್ಥನೆಗೆ ತೆರೆದಾಗ ಈ ಗಡಿ ಇರಲಿಲ್ಲ. ಎರಡೂ ಊರುಗಳು ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿದ್ದವು. 1956ರಲ್ಲಿ ಒಂದು ಮೈಸೂರಿಗೆ, ಇನ್ನೊಂದು ಆಂಧ್ರಕ್ಕೆ ಸೇರಿತು. ಹಾಗಾಗಿ ಆ ಚರ್ಚಿನ ಕಥೆ ನಮ್ಮ ಸೀಮೆಯ ಕಥೆಯೂ ಹೌದು.

ಅಲ್ಲಿಗೆ ಹೋದವರು ಸಾಮಾನ್ಯವಾಗಿ ಒಂದು ಮಾತನ್ನು ಕೇಳಿಸಿಕೊಂಡು ಬರುತ್ತಾರೆ. ಗೋಪುರ ಚಾರ್‌ಮಿನಾರಿಗಿಂತ ಎತ್ತರವೆಂದು ನಿಜಾಮರು ಮುನಿಸಿಕೊಂಡರಂತೆ, ತಗ್ಗಿಸಲು ನೋಡಿದರಂತೆ. ಗೋಪುರ ಸುಮಾರು 175 ಅಡಿ. ಚಾರ್‌ಮಿನಾರನ್ನು ಕೆಲವರು 160 ಅಡಿ ಎಂದು ಬರೆಯುತ್ತಾರೆ, ಕೆಲವರು 184 ಅಡಿ ಎಂದು. ಒಂದು ಲೆಕ್ಕದಲ್ಲಿ ಕಥೆ ನಿಲ್ಲುತ್ತದೆ, ಇನ್ನೊಂದರಲ್ಲಿ ಬೀಳುತ್ತದೆ. ಆದರೂ ಅದು ಸಾಯುವುದಿಲ್ಲ. ಮುಸ್ಲಿಂ ದೊರೆಯ ಹೊಟ್ಟೆಕಿಚ್ಚು ಎಂಬುದು ನಮ್ಮ ಕಾಲಕ್ಕೆ ಸುಲಭವಾಗಿ ರುಚಿಸುವ ತಿನಿಸು.

ಇದರ ಜೊತೆಗೆ ಇನ್ನೊಂದು ಆರೋಪವೂ ಓಡಾಡುತ್ತದೆ: ಪಾದ್ರಿಗಳು ಅನ್ನ ಕೊಟ್ಟು ಮತ ಕೊಂಡರು ಎಂದು. ನಡೆದದ್ದನ್ನು ನೋಡೋಣ. ವೆಸ್ಲಿಯನ್ ಮಿಷನ್ನಿನ ಚಾರ್ಲ್ಸ್ ವಾಕರ್ ಪಾಸ್ನೆಟ್ 1914ರಲ್ಲಿ ಕಟ್ಟಡ ಆರಂಭಿಸಿದರು. ಬರ ಬಿದ್ದಾಗ ಹಸಿದವರಿಗೆ ಭಿಕ್ಷೆ ಹಾಕುವ ಬದಲು ಕೆಲಸ ಕೊಟ್ಟು ಕೂಳು ಕೊಟ್ಟರು. ಹತ್ತು ವರ್ಷ ಕಲ್ಲು ಹೊತ್ತವರಿಗೆ ಅದು ದಾನವಲ್ಲ, ದುಡಿಮೆಯ ಹಕ್ಕು. ಆ ಸೀಮೆಯಲ್ಲಿ ಕ್ರೈಸ್ತರಾದವರಲ್ಲಿ ಬಹಳಷ್ಟು ಮಂದಿ ಮಾಲ, ಮಾದಿಗರು. ಊರಿನ ಗುಡಿಗಳು ಬಾಗಿಲು ಹಾಕಿದ್ದ ಜನ, ಐದು ಸಾವಿರ ಮಂದಿ ಹಿಡಿಸುವ ಸಭಾಂಗಣದಲ್ಲಿ ತಲೆ ಎತ್ತಿ ಕುಳಿತರು. ಇದನ್ನು ಬರೀ ಹೊಟ್ಟೆಯ ವ್ಯಾಪಾರ ಎನ್ನುವವನು ಮಾನದ ಹಸಿವನ್ನು ಕಂಡವನಲ್ಲ.

ಹಾಗೆಂದು ಮಿಷನ್ನನ್ನು ಹೊಗಳಿ ಸುಮ್ಮನಾಗಬೇಕಿಲ್ಲ. ಆ ಕಟ್ಟಡದ ಜೊತೆ ನಮ್ಮ ಬಾಯಲ್ಲಿ ಉಳಿದಿರುವ ಹೆಸರು ಪಾಸ್ನೆಟ್ ಒಬ್ಬರದೇ. ಯೇಸುವಿನ ಜೀವನ ಚಿತ್ರಿಸಿದ ಬಣ್ಣದ ಗಾಜಿನ ಕಿಟಕಿಗಳ ಅಂದವನ್ನು ಎಲ್ಲರೂ ಹೊಗಳುತ್ತಾರೆ. ಆ ಕಿಟಕಿಗಳನ್ನು ಹೊತ್ತು ನಿಂತ ಗೋಡೆಯನ್ನು ಕಟ್ಟಿದ ಗೌಂಡಿ, ಗಾರೆ ಕಲಸಿದ ಹೆಂಗಸು ಯಾರೆಂದು ಕೇಳುವವರಿಲ್ಲ.

ಮುನಿಸಿನ ಕಥೆಯಲ್ಲಿ ದೊರೆ ಇದ್ದಾನೆ, ಆರೋಪದಲ್ಲಿ ಪಾದ್ರಿ ಇದ್ದಾನೆ. ಎರಡರಲ್ಲೂ ಕೂಲಿಯವನಿಲ್ಲ. ಮಸೀದಿ, ಗುಡಿ, ಚರ್ಚ್ ಯಾವುದೇ ಇರಲಿ, ಯಾರದು ಎತ್ತರ ಎಂದು ಅಳೆಯುವ ಮೊದಲು ಯಾರ ಬೆನ್ನ ಮೇಲೆ ಅದು ಎದ್ದಿತು ಎಂದು ಕೇಳುವುದು ನೋಡುಗರ ಕರ್ತವ್ಯ.