ಸಂವೇಗಸೂಚಕಗಳ ಸಾಕ್ಷ್ಯಮೌಲ್ಯ

ಮಳೆಯನ್ನು ನೆಚ್ಚಿ ಬದುಕುವ ಜಗಳೂರು ಸೀಮೆಯ ಮನೆಗಳಿಂದ ಬಂದ ವಿದ್ಯಾರ್ಥಿಗಳು ಈಚೆಗೆ ಮೊಬೈಲ್ ಫೋನಿನಲ್ಲಿ ಷೇರುಪೇಟೆಯ ನಕ್ಷೆಗಳನ್ನು ನೋಡುತ್ತಿರುವುದು ಅಧ್ಯಾಪಕರಿಗೆ ತಿಳಿಯದ ಸಂಗತಿಯಲ್ಲ. ಅವರಲ್ಲೊಬ್ಬನು ಶೇಂಗಾ ಮಾರಿದ ಹಣವನ್ನು ಒಂದು ಷೇರಿನಲ್ಲಿ ತೊಡಗಿಸಿದ್ದನು. ಕಾರಣ ಕೇಳಲಾಗಿ, ಮೂರು ಸೂಚಕಗಳೂ ಒಂದೇ ಮಾತನ್ನು ಹೇಳುತ್ತಿರುವಾಗ ಸಂದೇಹವೇಕೆ ಎಂದನು. ಸಾಕ್ಷಿಗಳು ಎಷ್ಟು ಎಂಬುದಕ್ಕಿಂತ ಅವು ಪರಸ್ಪರ ಸ್ವತಂತ್ರವೇ ಎಂದು ಕೇಳುವುದು ಇತಿಹಾಸಶಾಸ್ತ್ರದ ಮೊದಲ ಪಾಠ. ಆ ಪಾಠದ ಬೆಳಕಿನಲ್ಲಿ ಈ ಸೂಚಕಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಬೆಲೆಯು ಯಾವ ದಿಕ್ಕಿಗೆ, ಎಷ್ಟು ರಭಸದಿಂದ ಚಲಿಸುತ್ತಿದೆಯೆಂಬುದನ್ನು ಅಳೆಯುವ ಗಣಿತಸಾಧನವೇ ಸಂವೇಗಸೂಚಕ. ವ್ಯಾಪಾರಿಗಳು ಇದನ್ನು ಮೊಮೆಂಟಮ್ ಇಂಡಿಕೇಟರ್ ಎನ್ನುವರು. ಇವುಗಳಲ್ಲಿ ಪ್ರಸಿದ್ಧವಾದ ಆರ್.ಎಸ್.ಐ.ಯನ್ನು ಅಮೆರಿಕದ ವೆಲ್ಸ್ ವೈಲ್ಡರ್ ಎಂಬವರು 1978ರಲ್ಲಿ ಪ್ರಕಟಿಸಿದರು. 14 ದಿನಗಳ ಏರಿಕೆಯ ಸರಾಸರಿಯನ್ನು ಇಳಿಕೆಯ ಸರಾಸರಿಗೆ ಹೋಲಿಸಿ, ಫಲವನ್ನು 0ಯಿಂದ 100ರ ಅಳತೆಗೆ ತರುವುದು ಅದರ ಕ್ರಮ. 70ನ್ನು ಮೀರಿದರೆ ಕೊಳ್ಳುವಿಕೆ ಅತಿಯಾಯಿತೆಂದೂ, 30ಕ್ಕಿಂತ ಇಳಿದರೆ ಮಾರಾಟ ಅತಿಯಾಯಿತೆಂದೂ ವಾಡಿಕೆಯ ಅರ್ಥ. ಜೆರಾಲ್ಡ್ ಅಪೆಲ್ ಅವರ ಎಂ.ಎ.ಸಿ.ಡಿ.ಯು 12 ಮತ್ತು 26 ದಿನಗಳ ಚಲಿಸುವ ಸರಾಸರಿಗಳ ಅಂತರವನ್ನು ತೋರಿಸುವುದು. ಇತ್ತೀಚಿನ ಗರಿಷ್ಠ ಕನಿಷ್ಠ ಬೆಲೆಗಳ ನಡುವೆ ಇಂದಿನ ಬೆಲೆ ಎಲ್ಲಿದೆಯೆಂಬುದನ್ನು ಸ್ಟೋಕ್ಯಾಸ್ಟಿಕ್ ಹೇಳುವುದು.

ಹೆಸರು ಮೂರಾದರೂ ಆಕರ ಒಂದೇ: ಆ ಷೇರಿನ ಕಳೆದ ದಿನಗಳ ಬೆಲೆ. ಒಂದೇ ಶಾಸನದಿಂದ ಮೂರು ಪ್ರತಿಗಳನ್ನು ಮಾಡಿಕೊಂಡು, ಮೂರೂ ಒಪ್ಪುವುದರಿಂದ ಸಂಗತಿ ಸಿದ್ಧವಾಯಿತೆಂದು ವಾದಿಸುವ ವಿದ್ಯಾರ್ಥಿಯನ್ನು ನಾವು ತಿದ್ದುವೆವು. ಇಲ್ಲಿಯೂ ತಿದ್ದಬೇಕಾದುದು ಅದೇ ದೋಷ. ಮೇಲಾಗಿ, ಪ್ರತಿ ಮಾಡುವಾಗ ಮೂಲದ ವಿವರಗಳು ಅಳಿಯುವುದೂ ಉಂಟು. ನೂರು ರೂಪಾಯಿಯ ಷೇರಿನಲ್ಲಿ ಏರಿಕೆಯ ಸರಾಸರಿ 2 ರೂಪಾಯಿ, ಇಳಿಕೆಯದು 1 ರೂಪಾಯಿ ಇದ್ದಾಗ ಆರ್.ಎಸ್.ಐ. ಸುಮಾರು 67, ಅವು 10 ಮತ್ತು 5 ರೂಪಾಯಿಗಳಾದಾಗಲೂ ಅಷ್ಟೇ. ಕೊಂಡವನ ಅಪಾಯವಾದರೋ ಒಂದೇ ಅಲ್ಲ.

ನಮ್ಮ ನಾಡಿನದೇ ನಿದರ್ಶನವೊಂದುಂಟು. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯ ಷೇರು 2013ರ ಜನವರಿ 11ರಂದು ನೂರಕ್ಕೆ ಸುಮಾರು 17ರಷ್ಟು ಏರಿತು. ಅದೇ ವರ್ಷದ ಏಪ್ರಿಲ್ 12ರಂದು ಸುಮಾರು 21ರಷ್ಟು ಕುಸಿಯಿತು. ಎರಡು ದಿನಗಳಲ್ಲಿಯೂ ಬೆಲೆಯನ್ನು ಚಲಿಸಿದುದು ಸಂಸ್ಥೆಯು ಅಂದು ಪ್ರಕಟಿಸಿದ ಫಲಿತಾಂಶ ಮತ್ತು ಮುನ್ನಂದಾಜು. ಹಿಂದಿನ ದಿನದವರೆಗಿನ ಬೆಲೆಗಳಿಂದ ಕಟ್ಟಿದ ಸೂಚಕದಲ್ಲಿ ಆ ಸುದ್ದಿ ಇರಲು ಸಾಧ್ಯವಿರಲಿಲ್ಲ. ಕಳೆದ ವಾರದ ಮಳೆಯ ಲೆಕ್ಕ ಎಷ್ಟು ಸರಿಯಾಗಿದ್ದರೂ ಬರುವ ವಾರದ ಮಳೆಯಲ್ಲವೆಂಬುದನ್ನು ಈ ಸೀಮೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಸಂವೇಗವೆಂಬುದೇ ಭ್ರಮೆಯೆನ್ನುವುದು ನ್ಯಾಯವಲ್ಲ. ಮೂರರಿಂದ ಹನ್ನೆರಡು ತಿಂಗಳ ಕಾಲ ಮುನ್ನಡೆದ ಅಮೆರಿಕದ ಷೇರುಗಳು ಮುಂದಿನ ತಿಂಗಳುಗಳಲ್ಲಿಯೂ ಸರಾಸರಿಯಾಗಿ ಮುಂದಿದ್ದುವೆಂದು ಜೇಗದೀಶ್ ಮತ್ತು ಟಿಟ್‌ಮನ್ 1993ರಲ್ಲಿ ತೋರಿಸಿದ್ದಾರೆ. ಆದರೆ ಅದು ಅನೇಕ ಷೇರುಗಳ ಸಮೂಹವನ್ನು ಕುರಿತ ಮಾತು; ಒಂದು ಷೇರಿನ ಐದು ನಿಮಿಷದ ನಕ್ಷೆಗೆ ಅದನ್ನು ಆಧಾರವಾಗಿ ಹಿಡಿಯುವುದು ಪ್ರಮಾಣದ ದುರುಪಯೋಗ.

ಈ ವಿವೇಚನೆ ಕೇವಲ ಪಾಂಡಿತ್ಯದ ವಿಷಯವಲ್ಲ. ಅದೇ ದಿನ ಕೊಂಡು ಅದೇ ದಿನ ಮಾರುವ ಬಿಡಿ ವ್ಯವಹಾರಸ್ಥರಲ್ಲಿ 2022-23ರಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟ ಹೊಂದಿದರೆಂದೂ, 30 ವರ್ಷಕ್ಕೆ ಕೆಳಗಿನವರಲ್ಲಿ ಇದು ನೂರಕ್ಕೆ 76 ಎಂದೂ ಸೆಬಿಯು 2024ರಲ್ಲಿ ಪ್ರಕಟಿಸಿತು. ಇವರೆಲ್ಲರೂ ಸೂಚಕಗಳನ್ನು ನಂಬಿದವರೆಂದು ಈ ಅಂಕಿಗಳು ಹೇಳವು. ಆದರೆ ಎಂತಹ ಕಣದಲ್ಲಿ ನಮ್ಮ ವಿದ್ಯಾರ್ಥಿ ಕಾಲಿಡುತ್ತಿರುವನೆಂಬುದನ್ನು ಹೇಳುತ್ತವೆ.

ಸೂಚಕವು ನಡೆದುದರ ಸಂಕ್ಷೇಪ; ಆ ಮಟ್ಟಿಗೆ ಅದು ಉಪಯುಕ್ತ. ಅದನ್ನು ನಡೆಯಲಿರುವುದರ ಸಾಕ್ಷಿಯೆಂದು ಬಗೆಯುವುದು ಓದುಗನ ತಪ್ಪು. ಆಕರವನ್ನು ಪ್ರಶ್ನಿಸುವ ಅಭ್ಯಾಸವನ್ನು ತರಗತಿಯಲ್ಲಿ ಕಲಿಸುವ ನಾವು, ಅದು ತರಗತಿಯ ಹೊರಗೂ, ಶೇಂಗಾ ಮಾರಿದ ಹಣದ ವಿಷಯದಲ್ಲಿಯೂ, ಸಲ್ಲುವುದೆಂದು ತಿಳಿಸಿಕೊಡುವುದು ಅವಶ್ಯಕ.