ಖೈಬರ್ ರೈಲು: ಪ್ರವಾಸಕಥನವೂ ಚರಿತ್ರೆಯ ಸಾಕ್ಷ್ಯವೂ

ಪಾಲ್ ಥೆರೂ ಅವರು 1975ರಲ್ಲಿ ಪ್ರಕಟಿಸಿದ ‘ದಿ ಗ್ರೇಟ್ ರೈಲ್ವೆ ಬಜಾರ್’ ಎಂಬ ಗ್ರಂಥದಲ್ಲಿ ಖೈಬರ್ ಕಣಿವೆಯ ರೈಲಿಗೆ ಒಂದು ಅಧ್ಯಾಯ ಮೀಸಲಾಗಿದೆ. ಪ್ರಯಾಣಿಕರ ರೈಲೇ ಇಲ್ಲದಿದ್ದ ಆಫ್ಘಾನಿಸ್ತಾನವನ್ನು ಒಲ್ಲದ ಮನಸ್ಸಿನಿಂದ ದಾಟಿದ ಲೇಖಕರು ಲಂಡಿ ಕೋತಲಿನಲ್ಲಿ ಗಾಡಿ ಹತ್ತಿ ಪೇಶಾವರಕ್ಕೆ ಇಳಿಯುತ್ತಾರೆ. ಬರವಣಿಗೆ ಲವಲವಿಕೆಯದು, ಸಹಪ್ರಯಾಣಿಕರ ಚಿತ್ರಣದಲ್ಲಿ ಅವರದು ಪಳಗಿದ ಕೈ. ಆದರೆ ಇದನ್ನು ಚರಿತ್ರೆಯ ಆಕರವೆಂದು ಬಳಸುವ ವಿದ್ಯಾರ್ಥಿ ಎಚ್ಚರದಿಂದಿರಬೇಕು. ರೈಲುಪ್ರಿಯನಾದ ಪ್ರವಾಸಿಗೆ ಹಳಿಯಿಲ್ಲದ ನಾಡು ಬರಿಯ ಕೊರತೆಯಾಗಿ ಕಾಣುತ್ತದೆ. ಹಳಿ ಏಕೆ ಬರಲಿಲ್ಲವೆಂಬುದು ಚರಿತ್ರಕಾರನ ಪ್ರಶ್ನೆ.

1919ರ ಮೂರನೆಯ ಆಂಗ್ಲೋ-ಆಫ್ಘನ್ ಯುದ್ಧದ ತರುವಾಯ ಬ್ರಿಟಿಷರು ಕೈಗೊಂಡ ಈ ಮಾರ್ಗ 1925ರ ನವೆಂಬರಿನಲ್ಲಿ ಜಮ್ರೂದಿನಿಂದ ಲಂಡಿ ಕೋತಲಿನವರೆಗೂ, 1926ರಲ್ಲಿ ಗಡಿಯ ಸಮೀಪದ ಲಂಡಿ ಖಾನಾದವರೆಗೂ ತೆರೆಯಿತು. ಸುರಂಗಗಳೇ 34. ನೀಲಗಿರಿಯ ಬೆಟ್ಟಕ್ಕೆ ಸಾಕಾದ ಮೀಟರ್‌ಗೇಜ್ ಇಲ್ಲಿ ಏಕೆ ಸಾಲದಾಯಿತು? ಸೈನ್ಯವೂ ಫಿರಂಗಿಯೂ ಗಾಡಿ ಬದಲಿಸದೆ ಗಡಿಯನ್ನು ಮುಟ್ಟಬೇಕಾಗಿತ್ತು. ಆದ್ದರಿಂದಲೇ ದುಬಾರಿಯಾದ 1676 ಮಿಲಿಮೀಟರಿನ ಬ್ರಾಡ್‌ಗೇಜ್. ಇಂಥ ಹಳಿಯನ್ನು ಕಾಬೂಲು ಸ್ವಾಗತಿಸುವುದೆಂದು ನಿರೀಕ್ಷಿಸುವುದೇ ವಿಚಿತ್ರ. 1932ರಲ್ಲಿ ಲಂಡಿ ಖಾನಾದ ತುಂಡು ಮುಚ್ಚಿತು. ಮಾರ್ಗ ಗಡಿಯನ್ನು ದಾಟಲೇ ಇಲ್ಲ. ಥೆರೂ ಅವರ ವಿನೋದಕ್ಕೆ ಈ ಹಿನ್ನೆಲೆಯ ಭಾರ ತಟ್ಟುವುದಿಲ್ಲ.

ಮಾರ್ಗವನ್ನು ನಿರ್ಮಿಸಿದ ಇಂಜಿನಿಯರ್ ವಿಕ್ಟರ್ ಬೆಯ್ಲಿ ಅವರ ಗ್ರಂಥವೂ (1934) ನಮಗುಂಟು. ಅದು ಸಾಮ್ರಾಜ್ಯದ ಸೇವಕನ ಬರಹ. ಪಕ್ಷಪಾತ ಮೇಲ್ನೋಟಕ್ಕೇ ಕಾಣುವುದರಿಂದ ತಿದ್ದಿಕೊಂಡು ಓದುವುದು ಸುಲಭ. ಹಾಸ್ಯದೊಳಗೆ ಅಡಗಿದ ಪಕ್ಷಪಾತವಾದರೋ ಅಷ್ಟು ಬೇಗ ಕೈಗೆ ಸಿಗದು. ತರಗತಿಯಲ್ಲಿ ಮೊದಲು ಬೆಯ್ಲಿ ಅವರನ್ನು ಓದಿಸಿ, ಅನಂತರವೇ ಥೆರೂ ಅವರ ಅಧ್ಯಾಯವನ್ನು ವಿದ್ಯಾರ್ಥಿಗಳ ಕೈಗಿಡುವುದು ಲೇಸು.