ಮೂಳೆಗಳೇನೋ ನಿಜ

ಯಾವುದೇ ಫೋಟೋ ಕಂಡರೂ ನಾವೀಗ ಕೇಳೋ ಮೊದಲ ಪ್ರಶ್ನೆ ಒಂದೇ: ಇದು ಒರಿಜಿನಲ್ಲಾ, ಎಡಿಟ್ ಮಾಡಿದ್ದಾ? ಎಐ ಬಂದ ಮೇಲಂತೂ ಹೇಳೋದೇ ಬೇಡ. ಅನುಮಾನ ಒಳ್ಳೆಯದೇ. ಆದರೆ ಅಷ್ಟಕ್ಕೇ ನಿಂತುಬಿಟ್ಟರೆ ಅದಕ್ಕಿಂತ ದೊಡ್ಡದೊಂದು ಕಣ್ತಪ್ಪಿ ಹೋಗುತ್ತೆ ಅನ್ನೋದು ನನ್ನ ತಕರಾರು. ಅದಕ್ಕೆ ಕಂಪ್ಯೂಟರೇ ಇಲ್ಲದ ಕಾಲದ ಚಿತ್ರವೊಂದನ್ನು ನೋಡೋಣ.

ಫೆಲಿಸ್ ಬಿಯಾಟೊ 1858ರಲ್ಲಿ ಲಖನೌನಲ್ಲಿ ತೆಗೆದ ಸಿಕಂದರ್ ಬಾಗ್‌ನ ಫೋಟೋ ಅದು. 1857ರ ದಂಗೆಯ ಬಗ್ಗೆ ಹುಡುಕಿದವರಿಗೆಲ್ಲ ಒಂದಲ್ಲ ಒಂದು ಕಡೆ ಎದುರಾಗಿರುತ್ತೆ. ಹಿಂದೆ ಗುಂಡಿನೇಟು ತಿಂದು ಪಾಳುಬಿದ್ದ ಕಟ್ಟಡ. ಮುಂದೆ ಅಂಗಳದ ತುಂಬ ಚೆಲ್ಲಾಪಿಲ್ಲಿಯಾದ ಬುರುಡೆ, ಎಲುಬು. ಅಲ್ಲೇ ಒಂದು ಕುದುರೆ, ಮೂರ್ನಾಲ್ಕು ಜನ ಭಾರತೀಯರು. ಯುದ್ಧ ಈಗಷ್ಟೇ ಮುಗಿದಿದೆ ಅನ್ನಿಸುತ್ತೆ.

ಮುಗಿದಿದ್ದು 1857ರ ನವೆಂಬರ್‌ನಲ್ಲಿ. ಬಿಯಾಟೊ ಅಲ್ಲಿಗೆ ಬಂದಿದ್ದು ನಾಲ್ಕು ತಿಂಗಳಾದ ಮೇಲೆ. ಆಗ ಲಖನೌನಲ್ಲಿದ್ದ ಅಧಿಕಾರಿ ಜಾರ್ಜ್ ಕ್ಯಾಂಬೆಲ್ (ದಾಳಿ ಮಾಡಿಸಿದ ಸೇನಾಪತಿ ಕಾಲಿನ್ ಕ್ಯಾಂಬೆಲ್ ಬೇರೆ, ಇವರು ಬೇರೆ) ತಮ್ಮ ಆತ್ಮಕಥೆಯಲ್ಲಿ ಇದರ ಹಿಂದಿನ ಕತೆ ಬರೆದಿದ್ದಾರೆ: ಹೆಣಗಳನ್ನು ಆಗಲೇ ಮುಚ್ಚಿ ಆಗಿತ್ತು, ಫೋಟೋಗ್ರಾಫರ್ ಹಟ ಹಿಡಿದು ಅವನ್ನು ಮತ್ತೆ ತೆರೆಸಿದ.

ಹಾಗಾದ್ರೆ ಫೇಕ್ ಅಂತ ಸ್ಟ್ಯಾಂಪ್ ಹೊಡೆದು ಪಕ್ಕಕ್ಕಿಡೋಣವಾ? ಆಗಲ್ಲ. ಅಲ್ಲಿ ಸುಮಾರು 2,000 ಸಿಪಾಯಿಗಳು ಸತ್ತಿದ್ದು ನಿಜ, ಮೂಳೆಗಳು ಸೆಟ್ ಪ್ರಾಪರ್ಟಿ ಅಲ್ಲ. ಚಿತ್ರ ಸುಳ್ಳಾಡ್ತಿರೋದು ಹೊತ್ತಿನ ಬಗ್ಗೆ ಮಾತ್ರ.

ಇದನ್ನು ಇನ್ನೊಂದು ಪ್ರಸಿದ್ಧ ಯುದ್ಧಚಿತ್ರದ ಪಕ್ಕ ಇಟ್ಟು ನೋಡಬೇಕು. ಮೂರು ವರ್ಷ ಹಿಂದೆ, 1855ರಲ್ಲಿ, ರೋಜರ್ ಫೆಂಟನ್ ಕ್ರಿಮಿಯಾ ಯುದ್ಧಭೂಮಿಯಲ್ಲಿ ಒಂದೇ ದಾರಿಯ ಎರಡು ಫೋಟೋ ತೆಗೆದ. ಒಂದರಲ್ಲಿ ದಾರಿ ಖಾಲಿ, ಇನ್ನೊಂದರಲ್ಲಿ ದಾರಿ ತುಂಬ ಫಿರಂಗಿ ಗುಂಡುಗಳು. ಯಾವುದು ಮೊದಲು? ಸಿನಿಮಾ ನಿರ್ದೇಶಕ ಎರಲ್ ಮಾರಿಸ್ ಈ ಪ್ರಶ್ನೆ ಹಿಡಿದುಕೊಂಡು ಕ್ರಿಮಿಯಾಗೇ ಹೋದರು. ಕೊನೆಗೆ ಇಳಿಜಾರಿನ ಚಿಕ್ಕ ಕಲ್ಲುಗಳು ಕೆಳಕ್ಕೆ ಜಾರಿದ್ದರಿಂದ ಖಾಲಿ ದಾರಿಯೇ ಮೊದಲು ಅಂತ ಗೊತ್ತಾಯ್ತು. ಅಂದರೆ ಗುಂಡುಗಳನ್ನು ಆಮೇಲೆ ತಂದು ಹಾಕಿದ್ದು. ಪತ್ತೇದಾರಿ ಸೊಗಸಾಗಿದೆ, ಒಪ್ಪಿಕೊಳ್ಳೋಣ.

ಆದರೆ ನನ್ನನ್ನು ಕಾಡೋದು ಆ ಗುಂಡುಗಳಲ್ಲ. ಫೆಂಟನ್ ಆ ಯುದ್ಧದಲ್ಲಿ ತೆಗೆದ 300ಕ್ಕೂ ಹೆಚ್ಚು ಚಿತ್ರಗಳಲ್ಲಿ ಹುಡುಕಿದರೂ ಒಂದು ಹೆಣ ಸಿಗಲ್ಲ. ಬ್ರಿಟಿಷ್ ಸೈನಿಕನ ಸಾವಿಗೆ ಬದಲಾಗಿ ಒಂದು ಬರಿದಾದ ದಾರಿ, ಒಂದಷ್ಟು ಕಬ್ಬಿಣ. ಅದೇ ಲಖನೌನಲ್ಲಿ ಸೋತವರ ಬುರುಡೆಗಳಿಗೆ ಫ್ರೇಮಿನ ಮುಂದಿನ ಸಾಲು! ಎರಡೂ ಕಡೆಯ ಗ್ರಾಹಕರು ಹೆಚ್ಚುಕಮ್ಮಿ ಒಂದೇ ಜನ. ಯಾರ ಹೆಣ ತೋರಿಸಬಹುದು, ಯಾರದ್ದನ್ನು ತೋರಿಸಬಾರದು ಅನ್ನೋದು ಕ್ಯಾಮೆರಾ ಮುಚ್ಚಳ ತೆಗೆಯೋ ಮೊದಲೇ ತೀರ್ಮಾನವಾಗಿತ್ತು. ಪಿಕ್ಸೆಲ್ ಪಿಕ್ಸೆಲ್ ಪರೀಕ್ಷೆ ಮಾಡುವ ಯಾವ ಸಾಫ್ಟ್‌ವೇರೂ ಇದನ್ನು ಹಿಡಿಯಲ್ಲ.

ಇನ್ನೂ ಒಂದು ವಿಚಿತ್ರ ಇದೆ. ಅವತ್ತು ಈ ಫೋಟೋ ಮಾರಾಟವಾಗಿದ್ದು ಗೆಲುವಿನ ನೆನಪಿಗೆ. ಇವತ್ತು ಅದೇ ಫೋಟೋ ಬ್ರಿಟಿಷರ ಕ್ರೌರ್ಯಕ್ಕೆ ಸಾಕ್ಷಿ. ಚಿತ್ರದಲ್ಲಿ ಒಂದು ಕಣವೂ ಬದಲಾಗಿಲ್ಲ, ನೋಡುವವರು ಬದಲಾದರು, ಅಷ್ಟೆ. ಸಾಕ್ಷಿ ಅನ್ನೋದಕ್ಕೆ ನನ್ನ ಆಕ್ಷೇಪ ಇಲ್ಲ. ಆದರೆ ಹಳೇ ಶೀರ್ಷಿಕೆಯನ್ನೂ ಓದಿ. 2,000 ದಂಗೆಕೋರರನ್ನು ಕೊಂದವರು ಅಂತ ಅಲ್ಲಿ ಎರಡು ಹೆಸರಿವೆ: 93ನೇ ಹೈಲ್ಯಾಂಡರ್ಸ್, 4ನೇ ಪಂಜಾಬ್ ರೆಜಿಮೆಂಟ್. ಈಗ ಫಾರ್ವರ್ಡ್ ಆಗುತ್ತಾ ನನ್ನ ಫೋನಿಗೆ ಬಂದ ಪೋಸ್ಟ್‌ಗಳಲ್ಲಿ ಎರಡನೇ ಹೆಸರು ಮಾಯ. ಕ್ರಾಪ್ ಮಾಡೋದು ಬಿಯಾಟೊಗೆ ಮಾತ್ರ ಬರ್ತಿತ್ತು ಅಂದುಕೊಂಡಿದ್ರಾ?

ಮುಂದೆ ಎಲ್ಲಾದರೂ ಆ ಚಿತ್ರ ಸಿಕ್ಕರೆ ಝೂಮ್ ಮಾಡಿ ಅದರಲ್ಲಿರೋ ಜೀವಂತ ಮನುಷ್ಯರನ್ನು ನೋಡಿ. ಅಂದಿನ ಫೋಟೋಗ್ರಫಿಯಲ್ಲಿ ಎಕ್ಸ್‌ಪೋಷರ್ ಮುಗಿಯೋವರೆಗೂ ಅಲುಗಾಡುವಂತಿರಲಿಲ್ಲ. ಸತ್ತವರ ಅಷ್ಟೊಂದು ಎಲುಬಿನ ನಡುವೆ ಅವರು ಅಷ್ಟು ಹೊತ್ತು ಕದಲದೆ ಇದ್ದಾರೆ. ಶೀರ್ಷಿಕೆಯಲ್ಲಿ ರೆಜಿಮೆಂಟಿನ ನಂಬರಿದೆ, ಹೆಣಗಳ ಲೆಕ್ಕವಿದೆ. ಇವರ ಬಗ್ಗೆ ಒಂದಕ್ಷರ ಇಲ್ಲ.